ತೆರೆಯ ಮೇಲೆ ಮೂರು ಸೆಕೆಂಡು ಇದ್ದು ಹೋಗುತ್ತಿದ್ದ ಹೆಸರು: ಎಜ್ರಾ ಮೀರ್ ಯಾರು?

ಹಳೆಯ ರೀಲು:

ಮೊನ್ನೆ ರಾತ್ರಿ ಸರ್ಕಾರದ ಸಾಕ್ಷ್ಯಚಿತ್ರ ಸಂಸ್ಥೆಯಾಗಿದ್ದ ಫಿಲಂಸ್ ಡಿವಿಷನ್ನಿನ 1950ರ ದಶಕದ ಒಂದು ಸಾಕ್ಷ್ಯಚಿತ್ರ ನೋಡುತ್ತ ಕುಳಿತಿದ್ದೆ. ಅರ್ಧಕ್ಕೇ ನಿದ್ದೆ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಆರಂಭದಲ್ಲಿ ಬಂದ ಹೆಸರೊಂದು ತಲೆಯಲ್ಲಿ ಕುಳಿತುಬಿಟ್ಟಿತು. ನಿರ್ಮಾಪಕ: ಎಜ್ರಾ ಮೀರ್. ಚಿಕ್ಕಂದಿನಲ್ಲಿ ಈ ಹೆಸರನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ‘ಮೀರ್’ ಇದೆಯಲ್ಲ, ಲಖನೌ ಕಡೆಯ ಮುಸಲ್ಮಾನರಿರಬೇಕು ಎಂದುಕೊಂಡು ಸುಮ್ಮನಾಗಿದ್ದೆ. ಐವತ್ತು ವರ್ಷ ತಪ್ಪು ತಿಳಿದಿದ್ದೆ.

ಅವರು ಕಲ್ಕತ್ತೆಯ ಯಹೂದಿ. ಹುಟ್ಟಿದಾಗಿನ ಹೆಸರು ಎಡ್ವಿನ್ ಮೈಯರ್ಸ್. 1920ರ ದಶಕದ ಆರಂಭದಲ್ಲಿ ಮದನ್ ಥಿಯೇಟರ್ಸ್ ಕಂಪನಿಯಲ್ಲಿ ರಂಗನಟರಾಗಿ ಸೇರಿದರು. 1924ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅಲ್ಲಿ ಮೊದಲು ಸಣ್ಣಪುಟ್ಟ ನಟನೆ, ಆಮೇಲೆ ಯೂನಿವರ್ಸಲ್ ಕಂಪನಿಯ ಕಥಾವಿಭಾಗ, ಸಂಕಲನ. ಊರಿಗೆ ಮರಳಿದ್ದು ಸರಿಯಾದ ಸಮಯಕ್ಕೆ: ಮೂಕಿಚಿತ್ರಗಳು ಮಾತು ಕಲಿಯುತ್ತಿದ್ದ ಕಾಲ. ಅರ್ದೇಶಿರ್ ಇರಾನಿಯವರ ಇಂಪೀರಿಯಲ್ ಕಂಪನಿಗೆ 1931ರಲ್ಲಿ ‘ನೂರ್‌ಜಹಾನ್’ ಮಾಡಿಕೊಟ್ಟರು. ಅದು ಮೂಕಿಯಾಗಿ ಶುರುವಾಗಿ ನಡುವೆ ಟಾಕಿಯಾದ ಚಿತ್ರ. ಮರುವರ್ಷ ‘ಜರೀನಾ’. ನಾಯಕಿ, ನಮ್ಮ ಮೊದಲ ಟಾಕಿ ‘ಆಲಂ ಆರಾ’ದ ಅದೇ ಜುಬೇದಾ.

ಇಲ್ಲಿಯವರೆಗೆ ಇದು ಆ ಕಾಲದ ಹತ್ತಾರು ನಿರ್ದೇಶಕರ ಕಥೆಯೇ. ಮುಂದೆ ಅವರು ಹಿಡಿದ ದಾರಿ ಬೇರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರದ ಫಿಲಂ ಅಡ್ವೈಸರಿ ಬೋರ್ಡ್, ಅದರ ಬೆನ್ನಿಗೆ 1943ರಲ್ಲಿ ಇನ್ಫರ್ಮೇಶನ್ ಫಿಲಂಸ್ ಆಫ್ ಇಂಡಿಯಾ. ಎರಡರಲ್ಲೂ ಚಿತ್ರನಿರ್ಮಾಣದ ಚುಕ್ಕಾಣಿ ಇವರ ಕೈಗೆ ಬಂತು. 1956ರಿಂದ 1961ರವರೆಗೆ ಫಿಲಂಸ್ ಡಿವಿಷನ್ನಿನ ಮುಖ್ಯ ನಿರ್ಮಾಪಕ. 1970ರಲ್ಲಿ ಪದ್ಮಶ್ರೀ. 1993ರಲ್ಲಿ ಮುಂಬೈಯಲ್ಲಿ ತೀರಿಕೊಂಡಾಗ ಎಂಬತ್ತೊಂಬತ್ತರ ವಯಸ್ಸು. ಒಟ್ಟು 700ರಷ್ಟು ಸಾಕ್ಷ್ಯಚಿತ್ರಗಳು ಅವರ ಹೆಸರಿನಲ್ಲಿವೆ ಎನ್ನುತ್ತಾರೆ.

ಕೋಟ್ಯಂತರ ಜನ ಓದಿದ ಹೆಸರು, ಯಾರಿಗೂ ನೆನಪಿಲ್ಲದ ಮನುಷ್ಯ. ನಿಮಗೆ ಗೊತ್ತಿರುವುದನ್ನು ಬರೆಯಿರಿ.

ಕಹಿಬೇವು:

ಯಾರಿಗೂ ನೆನಪಿಲ್ಲದಿರುವುದಕ್ಕೆ ಕಾರಣವಿದೆ ಸ್ವಾಮಿ. ಆ ಚಿತ್ರಗಳು ನೋಡುವಂತಿರಲಿಲ್ಲ. ಅಣೆಕಟ್ಟು, ಮಂತ್ರಿಗಳು, ಗುದ್ದಲಿಪೂಜೆ, ಹಿನ್ನೆಲೆಯಲ್ಲಿ ಒಬ್ಬರ ಗಡಸು ದನಿ. ನಮ್ಮೂರಲ್ಲಿ ‘ನ್ಯೂಸ್ ರೀಲ್ ಮುಗಿಯಿತೇ?’ ಎಂದು ಕೇಳಿಕೊಂಡೇ ಜನ ಬೀಡಿ ಆರಿಸಿ ಒಳಗೆ ಬರುತ್ತಿದ್ದರು.

700 ಚಿತ್ರ ಎಂಬ ಲೆಕ್ಕವೂ ನನಗೆ ನಂಬಿಕೆ ಹುಟ್ಟಿಸುವುದಿಲ್ಲ. ವಾರಕ್ಕೊಂದು ಮಾಡಿದರೂ ಹದಿಮೂರು ವರ್ಷ ಮೀರುತ್ತದೆ.

ಶಾಲ್ಮಲೆ:

ಕಹಿಬೇವು ಅವರೇ, ನಿರ್ಮಾಪಕ ಬೇರೆ, ನಿರ್ದೇಶಕ ಬೇರೆ. ಅಡುಗೆಮನೆಯ ಯಜಮಾನಿ ಒಂದೊಂದು ಒಬ್ಬಟ್ಟನ್ನೂ ತಾನೇ ತಟ್ಟುವುದಿಲ್ಲ. ಫಿಲಂಸ್ ಡಿವಿಷನ್ ವಾರಕ್ಕೊಂದು ವಾರ್ತಾಚಿತ್ರ, ವಾರಕ್ಕೊಂದು ಸಾಕ್ಷ್ಯಚಿತ್ರ ಎಂಬ ಲೆಕ್ಕದಲ್ಲಿ ನಡೆಯುತ್ತಿದ್ದ ಕಾರ್ಖಾನೆ. ಮಂತ್ರಾಲಯಗಳಿಂದ ಬೇಡಿಕೆ ಬರುತ್ತಿತ್ತು. ಚಿತ್ರಕಥೆ ಬರೆಸಿ ಒಪ್ಪಿಗೆ ಪಡೆದು, ನಿರ್ದೇಶಕನಿಗೆ ಕೊಟ್ಟು, ಶೂಟಿಂಗ್, ಸಂಕಲನ, ನಾಲ್ಕಾರು ಭಾಷೆಗಳ ವ್ಯಾಖ್ಯಾನ, ನೂರಾರು ಪ್ರತಿಗಳು, ಇಷ್ಟನ್ನೂ ದಿನಕ್ಕೆ ಸರಿಯಾಗಿ ಹೊರಗೆ ಹಾಕುವುದು ಮುಖ್ಯ ನಿರ್ಮಾಪಕನ ಹೊಣೆ. ಅಂಥ ಕುರ್ಚಿಯಲ್ಲಿ ಎರಡು ಸರ್ಕಾರಗಳ ಕಾಲದಲ್ಲಿ ಕುಳಿತವರಿಗೆ 700 ದೊಡ್ಡದಲ್ಲ.

ಎಲ್ಲವೂ ಅಣೆಕಟ್ಟಿನ ಚಿತ್ರವೂ ಅಲ್ಲ. ಅವರ ಅವಧಿಯಲ್ಲೇ ಡಿಸ್ನಿ ಕಂಪನಿಯ ಕ್ಲೇರ್ ವೀಕ್ಸ್ ಎಂಬ ಕಲಾವಿದರನ್ನು ಕರೆಸಿ ವ್ಯಂಗ್ಯಚಿತ್ರ ವಿಭಾಗದವರಿಗೆ ತರಬೇತಿ ಕೊಡಿಸಿದರು. ಜಾತಕಕಥೆಯ ಮೇಲೆ ‘ದಿ ಬನಿಯನ್ ಡಿಯರ್’ ಎಂಬ ಕಾರ್ಟೂನ್ ಬಂದದ್ದು 1957ರಲ್ಲಿ. ಜ್ಯಾಂ ಭೌನಗರಿ ಪಹಾಡಿ ಶೈಲಿಯ ಚಿಕಣಿ ವರ್ಣಚಿತ್ರಗಳ ಮೇಲೆ ಕ್ಯಾಮೆರಾ ಆಡಿಸಿ ‘ರಾಧಾ ಮತ್ತು ಕೃಷ್ಣ’ ಮಾಡಿದ್ದೂ ಆ ದಿನಗಳಲ್ಲೇ. ಅದನ್ನು ನೋಡಿ, ಆಮೇಲೆ ಬೈಯಿರಿ.

ಗೋಡಂಬಿ:

‘ಜರೀನಾ’ದಲ್ಲಿ 86 ಚುಂಬನಗಳಿದ್ದವಂತೆ, ನಿಜವೇ?

ಹಳೆಯ ರೀಲು:

ಎಲ್ಲರೂ ಆ ಸಂಖ್ಯೆಯನ್ನೇ ಹೇಳುತ್ತಾರೆ. ಎಣಿಸಿದವರು ಯಾರೋ ಬಹಳ ಬಿಡುವಿದ್ದವರು. ಮುಂದಕ್ಕೆ ಹೋಗೋಣ.

ಹೂಗ್ಲಿ ತೀರ:

ನಾನು ಹನ್ನೆರಡು ವರ್ಷದಿಂದ ಕೋಲ್ಕತ್ತದಲ್ಲಿದ್ದೇನೆ, ಮೂಲ ಹಾಸನ. ಅವರ ಹಿನ್ನೆಲೆಯ ಬಗ್ಗೆ ನಾಲ್ಕು ಮಾತು.

ಇಲ್ಲಿನ ಯಹೂದಿಗಳು ‘ಬಗ್ದಾದಿ’ಗಳು. ಕೊಂಕಣ ತೀರದ ಬೆನೆ ಇಸ್ರೇಲಿಗಳೂ ಕೊಚ್ಚಿಯವರೂ ಬೇರೆ. ಅಲೆಪ್ಪೊದಿಂದ ಬಂದ ಶಾಲೋಂ ಕೋಹೆನ್ ಎಂಬ ವ್ಯಾಪಾರಿ 1798ರಲ್ಲಿ ಕಲ್ಕತ್ತೆಯಲ್ಲಿ ನೆಲೆಸಿದ. ಅವನ ಹಿಂದೆ ಬಗ್ದಾದ್, ಬಸ್ರಾಗಳಿಂದ ಕುಟುಂಬಗಳು ಬಂದವು. ಮೊದಲ ತಲೆಮಾರಿನವರು ಅರಬ್ಬಿ ಮಾತನಾಡುತ್ತ, ಅರಬ್ಬರಂತೆಯೇ ಉಡುಗೆ ತೊಟ್ಟವರು. ಮಕ್ಕಳು, ಮೊಮ್ಮಕ್ಕಳ ಹೊತ್ತಿಗೆ ಇಂಗ್ಲಿಷ್ ಶಾಲೆ, ಕೋಟು, ಹ್ಯಾಟು, ಎಡ್ವಿನ್, ಫ್ಲಾರೆನ್ಸ್ ಎಂಬಂಥ ಹೆಸರುಗಳು. ಎರಡನೆಯ ಯುದ್ಧದ ಕಾಲದಲ್ಲಿ ನಾಲ್ಕೈದು ಸಾವಿರ ಮಂದಿ ಇದ್ದ ಸಮುದಾಯ. ಈಗ ಬೆರಳೆಣಿಕೆಯಷ್ಟು ವೃದ್ಧರು ಉಳಿದಿದ್ದಾರೆ. 1884ರ ಮಾಗೆನ್ ದಾವೀದ್ ಸಿನಗಾಗ್ (ಯಹೂದಿ ಪ್ರಾರ್ಥನಾಮಂದಿರ) ಇದೆ. ಕೆಂಪು ಇಟ್ಟಿಗೆ, ಚರ್ಚಿನಂಥ ಗೋಪುರ. ಅದನ್ನು ತಲೆಮಾರುಗಳಿಂದ ನೋಡಿಕೊಳ್ಳುತ್ತಿರುವವರು ಒಡಿಶಾದ ಮುಸಲ್ಮಾನ ಕುಟುಂಬಗಳವರು. ಯಹೂದಿ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂದು ಓದುತ್ತಿರುವವರಲ್ಲೂ ಹೆಚ್ಚಿನವರು ಮುಸಲ್ಮಾನ ಹುಡುಗಿಯರು. ನ್ಯೂ ಮಾರ್ಕೆಟ್ಟಿನ ನಾಹೂಂ ಬೇಕರಿಯಲ್ಲಿ ಮಾತ್ರ ಕ್ರಿಸ್‌ಮಸ್ ವಾರದಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಈಗ ಹೆಸರಿನ ವಿಚಾರ. ರೂಬಿ ಮೈಯರ್ಸ್ ಸುಲೋಚನಾ ಆದರು. ಎಸ್ತರ್ ಅಬ್ರಹಾಂ ಪ್ರಮೀಳಾ ಆದರು. ಫ್ಲಾರೆನ್ಸ್ ಎಜೆಕಿಯಲ್ ನಾದಿರಾ ಆದರು. ಇವರೆಲ್ಲ ತೆರೆಯ ಮೇಲೆ ಹಿಂದೂಸ್ತಾನಿಯಾಗಿ ಕಾಣಲು ಹಳೆಯ ಹೆಸರನ್ನು ಪೂರ್ತಿ ಕಳಚಿಟ್ಟವರು. ಎಡ್ವಿನ್ ಮೈಯರ್ಸ್ ಮಾಡಿದ್ದೇ ಬೇರೆ. ಎಡ್ವಿನ್ ಎಂಬ ಇಂಗ್ಲಿಷ್ ಹೆಸರು ಬಿಟ್ಟು ಎಜ್ರಾ ಎಂಬ ಹೀಬ್ರೂ ಹೆಸರಿಗೆ ಹೋದರು. ಮೈಯರ್ಸನ್ನು ಕತ್ತರಿಸಿ ಮೀರ್ ಮಾಡಿಕೊಂಡರು. ಮೇಯಿರ್ ಎಂದು ಓದಿದರೆ ಯಹೂದಿ, ಮೀರ್ ಎಂದು ಓದಿದರೆ ಉರ್ದು ಕವಿಯ ನೆನಪು. ಹಳೆಯ ರೀಲು ಅವರು ಐವತ್ತು ವರ್ಷ ಮೋಸಹೋದದ್ದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಸಂಕಲನ ಬಲ್ಲವನು ತನ್ನ ಹೆಸರಿಗೇ ಹಾಕಿದ ಕತ್ತರಿ ಅದು.

ಶಾಲ್ಮಲೆ:

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಓದಿ ಹೇಳುತ್ತೇನೆ.

ಕಹಿಬೇವು:

ಹೆಸರಿನ ಸೊಗಸು ಒಪ್ಪಿದೆ. ಆದರೆ 1943ಕ್ಕೆ ಬನ್ನಿ. ಹಿಂದಿನ ವರ್ಷವಷ್ಟೇ ಗಾಂಧೀಜಿ ‘ಮಾಡು ಇಲ್ಲವೇ ಮಡಿ’ ಎಂದು ಕರೆಕೊಟ್ಟು ಜೈಲಿನಲ್ಲಿದ್ದರು. ನಮ್ಮ ಈಸೂರಿನವರು ಗಲ್ಲಿಗೇರಿದ್ದು ಆ ವರ್ಷವೇ. ನಿರ್ದೇಶಕ ವಿ. ಶಾಂತಾರಾಂ ಫಿಲಂ ಅಡ್ವೈಸರಿ ಬೋರ್ಡ್ ಎಂಬ ಆ ಸರ್ಕಾರಿ ಚಿತ್ರಮಂಡಳಿಯ ಕೆಲಸ ಬಿಟ್ಟು ಹೊರಬಂದಿದ್ದರು. ಅವರು ಬಿಟ್ಟುಹೋದ ಕುರ್ಚಿಯಲ್ಲಿ ಕುಳಿತವರು ನಿಮ್ಮ ಎಜ್ರಾ ಮೀರ್. ಸೈನ್ಯಕ್ಕೆ ಸೇರಿ, ಹೆಚ್ಚು ಬೆಳೆಯಿರಿ ಎನ್ನುವ ಚಿತ್ರಗಳು. ಚಿತ್ರಮಂದಿರದವರು ತೋರಿಸಲೇಬೇಕೆಂದು ಭಾರತ ರಕ್ಷಣಾ ನಿಯಮದಡಿ ಕಟ್ಟಾಜ್ಞೆ. ಇದಕ್ಕೆ ಪದ್ಮಶ್ರೀ ಬೇರೆ.

ಅದೇ 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಮೀರ್ ಹುಟ್ಟಿ ಬೆಳೆದ ಊರಿನ ಬೀದಿಗಳಲ್ಲೇ ಹೆಣಗಳು ಬಿದ್ದಿದ್ದವು. ಆ ಹೊತ್ತಿನಲ್ಲಿ ಸರ್ಕಾರದ ಕ್ಯಾಮೆರಾದ ಯಜಮಾನ ಎಲ್ಲಿದ್ದ ಎಂದು ಕೇಳುವುದು ತಪ್ಪೇ?

ಹಳೆಯ ರೀಲು:

ತಪ್ಪಲ್ಲ. ಕೇಳಲೇಬೇಕು.

ಹಾಗೆಯೇ ಇನ್ನೊಂದನ್ನೂ ಪಕ್ಕದಲ್ಲಿ ಇಟ್ಟು ನೋಡಿ. 1942ರಲ್ಲಿ ಜಪಾನೀಯರು ಬರ್ಮಾ ಹಿಡಿದಾಗ ರಂಗೂನಿನ ಯಹೂದಿ ಕುಟುಂಬಗಳು ಓಡಿಬಂದು ಸೇರಿದ್ದು ಕಲ್ಕತ್ತೆಯನ್ನು. ವರ್ಷದ ಕೊನೆಗೆ ಕಲ್ಕತ್ತೆಯ ಮೇಲೂ ಬಾಂಬು ಬಿತ್ತು. ಯುರೋಪಿನಲ್ಲಿ ಏನಾಗುತ್ತಿತ್ತೆಂದು ನಾನು ಹೇಳಬೇಕಿಲ್ಲ. ನಮಗೆ ಅದು ಇಂಗ್ಲಿಷರ ಯುದ್ಧ. ಒಬ್ಬ ಯಹೂದಿಗೆ ಅದು ಬರೀ ಇಂಗ್ಲಿಷರ ಯುದ್ಧವಾಗಿರಲು ಸಾಧ್ಯವೇ? ಯಹೂದಿಯಲ್ಲದ ವಾಡಿಯಾ ಮೂವಿಟೋನ್‌ನ ಜೆ.ಬಿ.ಎಚ್. ವಾಡಿಯಾ ಕೂಡ ಎಂ.ಎನ್. ರಾಯ್ ಅವರ ಅನುಯಾಯಿಯಾಗಿ, ಫ್ಯಾಸಿಸಂ ಸೋಲಬೇಕು ಎಂಬ ನಂಬಿಕೆಯಿಂದಲೇ ಫಿಲಂ ಅಡ್ವೈಸರಿ ಬೋರ್ಡಿನ ಅಧ್ಯಕ್ಷರಾಗಿದ್ದರು. ಹಾಗೆಂದು ಬಂಗಾಳದ ಪ್ರಶ್ನೆ ಕರಗುವುದಿಲ್ಲ. ಎರಡೂ ಹಾಗೆಯೇ ಇರಲಿ.

ಹೂಗ್ಲಿ ತೀರ:

ಇದಕ್ಕೆ ಹೊಂದುವ ಇನ್ನೊಂದು ಸಂಗತಿ. ಪಾಲ್ ಜಿಲ್ಸ್ ಎಂಬ ಜರ್ಮನ್, ಬರ್ಲಿನ್ನಿನ ಉಫಾ ಚಿತ್ರಕಂಪನಿಯಲ್ಲಿ ಕೆಲಸ ಮಾಡಿದ್ದವನು, ಯುದ್ಧ ಶುರುವಾದಾಗ ಪೂರ್ವ ದೇಶಗಳಲ್ಲಿದ್ದ. ಶತ್ರುದೇಶದವನೆಂದು ಬ್ರಿಟಿಷರು ಭಾರತಕ್ಕೆ ತಂದು ಸೆರೆಶಿಬಿರದಲ್ಲಿ ಇಟ್ಟರು. 1945ರಲ್ಲಿ ಬಿಡುಗಡೆಯಾದವನಿಗೆ ಕೆಲಸ ಸಿಕ್ಕಿದ್ದು ಇನ್ಫರ್ಮೇಶನ್ ಫಿಲಂಸ್ ಆಫ್ ಇಂಡಿಯಾದಲ್ಲಿ. ಮುಖ್ಯಸ್ಥ ಯಹೂದಿ, ವರ್ಷ 1945, ಬಾಗಿಲಿಗೆ ಬಂದವನು ಉಫಾದ ಜರ್ಮನ್! ಆ ಸಂಸ್ಥೆ ಮುಚ್ಚಿದ ಮೇಲೆ ಜಿಲ್ಸ್ ಮುಂಬೈಯಲ್ಲೇ ಉಳಿದು ಫಾಲಿ ಬಿಲಿಮೋರಿಯಾ ಜೊತೆ ಸ್ವತಂತ್ರವಾಗಿ ಸಾಕ್ಷ್ಯಚಿತ್ರ ಮಾಡಿದ. ಮುಂದೆ 1969ರಲ್ಲಿ ಆಸ್ಕರ್ ನಾಮನಿರ್ದೇಶನದವರೆಗೆ ಹೋದವರು ಅದೇ ಬಿಲಿಮೋರಿಯಾ.

ಕಹಿಬೇವು:

ಇದು ಗೊತ್ತಿರಲಿಲ್ಲ. ಸಿನಿಮಾ ಮಾಡಿದರೆ ಯಾರೂ ನಂಬುವುದಿಲ್ಲ.

ತಿಪಟೂರು ಟೆಂಟು:

ನೆಹರೂ ಅವರ ಮಧ್ಯರಾತ್ರಿಯ ಭಾಷಣವನ್ನು ಚಿತ್ರಿಸಿದ್ದು ಇದೇ ಎಜ್ರಾ ಮೀರ್ ತಂಡವಲ್ಲವೇ?

ಹಳೆಯ ರೀಲು:

ಅಲ್ಲ. ಇಲ್ಲೇ ಇರುವುದು ವ್ಯಂಗ್ಯ. ಯುದ್ಧ ಮುಗಿದ ಮೇಲೆ ಕೇಂದ್ರ ಶಾಸನಸಭೆಯಲ್ಲಿ ನಮ್ಮವರೇ ಇನ್ಫರ್ಮೇಶನ್ ಫಿಲಂಸ್ ಸಂಸ್ಥೆಗೆ ಹಣ ಕೊಡಲು ಒಪ್ಪಲಿಲ್ಲ. ಬ್ರಿಟಿಷರ ತುತ್ತೂರಿ ಎಂಬ ಸಿಟ್ಟು. ಕಹಿಬೇವು ಅವರ ಸಿಟ್ಟೇ. 1946ರಲ್ಲಿ ಬಾಗಿಲು ಮುಚ್ಚಿತು. ಹೀಗಾಗಿ 1947ರ ಆಗಸ್ಟ್ 14ರ ರಾತ್ರಿ ದೇಶ ಸ್ವತಂತ್ರವಾಗುವಾಗ ಅದನ್ನು ಚಿತ್ರಿಸಲು ಸರ್ಕಾರದ ಬಳಿ ತನ್ನದೇ ಆದ ಚಿತ್ರತಂಡವಿರಲಿಲ್ಲ. ಅಂಬಾಲಾಲ್ ಪಟೇಲರಂಥ ಖಾಸಗಿಯವರೂ ವಿದೇಶಿ ನ್ಯೂಸ್ ರೀಲ್ ಕಂಪನಿಗಳವರೂ ತೆಗೆದದ್ದರಿಂದ ನಾವು ಇಂದು ಆ ದೃಶ್ಯ ನೋಡುತ್ತಿದ್ದೇವೆ.

ಆಮೇಲೆ ಎಚ್ಚರವಾಯಿತು. 1948ರಲ್ಲಿ ಫಿಲಂಸ್ ಡಿವಿಷನ್ ಹುಟ್ಟಿತು. ಬ್ರಿಟಿಷರು ತಂದಿದ್ದ ಕಡ್ಡಾಯ ಪ್ರದರ್ಶನವೂ ಪರವಾನಗಿಯ ಷರತ್ತಾಗಿ ಮರಳಿ ಬಂತು. ಕೈ ಬದಲಾಯಿತು, ಕೋಲು ಅದೇ.

ಶಾಲ್ಮಲೆ:

ಮೊದಲ ಮುಖ್ಯ ನಿರ್ಮಾಪಕರಾದ ಮೋಹನ್ ಭವನಾನಿಯವರಿಗೆ ಕನ್ನಡದ ನಂಟಿದೆ. ‘ಮೃಚ್ಛಕಟಿಕ’ವನ್ನು ಆಧರಿಸಿ ‘ವಸಂತಸೇನಾ’ ಎಂಬ ಮೂಕಿಚಿತ್ರ ಮಾಡಿದವರು ಅವರು. ಅದರಲ್ಲಿ ನಮ್ಮ ಟಿ.ಪಿ. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ, ಏಣಾಕ್ಷಿ ರಾಮರಾವ್ ಇದ್ದರು. ಏಣಾಕ್ಷಿ ಮುಂದೆ ಭವನಾನಿಯವರನ್ನೇ ಮದುವೆಯಾದರು. ಕೈಲಾಸಂ ಮಾತಿಲ್ಲದ ಚಿತ್ರದಲ್ಲಿ! ಯಾರ ತಲೆಗೆ ಹೊಳೆಯಿತೋ.

ನಿವೃತ್ತ ಆಪರೇಟರ್:

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವವನೇ ಹೊರತು ಬರೆಯುವವನಲ್ಲ. ಮೊಮ್ಮಗ ಟೈಪ್ ಮಾಡಿಕೊಡುತ್ತಿದ್ದಾನೆ.

ನಾನು 1964ರಲ್ಲಿ ಹದಿನಾರರ ವಯಸ್ಸಿಗೆ ಟೂರಿಂಗ್ ಟಾಕೀಸಿಗೆ ಸೇರಿ, ಆಮೇಲೆ ಒಂದು ತಾಲ್ಲೂಕು ಊರಿನ ಚಿತ್ರಮಂದಿರದಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವನು. ಎಜ್ರಾ ಮೀರ್ ಅವರ ಹೆಸರು ನನಗೆ ಚೆನ್ನಾಗಿ ಗೊತ್ತು. ಅವರು ಕೆಲಸ ಬಿಟ್ಟ ಎಷ್ಟೋ ವರ್ಷಗಳ ಮೇಲೂ ನಮ್ಮಂಥ ಕಡೆಗೆ ಅವರ ಕಾಲದ ರೀಲುಗಳೇ ಬರುತ್ತಿದ್ದವು, ಗೆರೆಬಿದ್ದು, ತುಂಡಾಗಿ. ಹೆಸರು ಬರುವ ಜಾಗದಲ್ಲೇ ಹೆಚ್ಚು ಸವೆತ, ಏಕೆಂದರೆ ರೀಲಿನ ತುದಿ ಅದು. ಪ್ರತಿ ಊರಿನ ಆಪರೇಟರನೂ ಪ್ರೊಜೆಕ್ಟರಿಗೆ ಪೋಣಿಸುವಾಗ ಅಲ್ಲಿಯೇ ಕೈ ಹಾಕುವುದು. ಹರಿದರೆ ಎರಡಂಗುಲ ಕತ್ತರಿಸಿ ಅಂಟಿಸುವುದು. ಹಾಗೆ ಕತ್ತರಿಸುತ್ತ ಕತ್ತರಿಸುತ್ತ ಕೆಲವು ಪ್ರತಿಗಳಲ್ಲಿ ಹೆಸರೇ ಉಳಿದಿರಲಿಲ್ಲ.

ಆಗಿನ ನಿಯಮ ಹೇಳುತ್ತೇನೆ. ಪ್ರತಿ ಆಟಕ್ಕೆ 2000 ಅಡಿಯವರೆಗೆ ಸರ್ಕಾರ ಒಪ್ಪಿದ ಚಿತ್ರ ತೋರಿಸಬೇಕಿತ್ತು. ನಿಮಿಷಕ್ಕೆ 90 ಅಡಿ ಓಡುತ್ತದೆ. ನೀವೇ ಲೆಕ್ಕ ಹಾಕಿ, ಇಪ್ಪತ್ತು ನಿಮಿಷದ ಮೇಲೆ. ಪುಕ್ಕಟೆಯೂ ಅಲ್ಲ, ಗಳಿಕೆಯಲ್ಲಿ ನೂರಕ್ಕೆ ಒಂದು ಪಾಲು ಬಾಡಿಗೆ ಕಟ್ಟಬೇಕಿತ್ತು. ಮಾಲೀಕರಿಗೆ ಮೈಯೆಲ್ಲ ಉರಿ. ನನ್ನ ಮಾಲೀಕರು ಭಾನುವಾರ ಜನ ಹೆಚ್ಚಿದ್ದರೆ ‘ನಡುವಿನಿಂದ ಹಾಕು’ ಎನ್ನುತ್ತಿದ್ದರು. ಒಮ್ಮೆ ಹಾಗೆ ಮಾಡಿದ್ದಕ್ಕೆ ತಪಾಸಣೆಗೆ ಬಂದವರ ಕೈಗೆ ಸಿಕ್ಕಿಬಿದ್ದೆವು. ಬೈಗುಳ ತಿಂದದ್ದು ನಾನು, ಮಾಲೀಕರಲ್ಲ.

ಕಹಿಬೇವು ಅವರು ಬೀಡಿಯ ಮಾತು ಹೇಳಿದರು. ಅದು ನಿಜ. ಆದರೆ ಒಳಗೆ ಕುಳಿತೇ ಇರುತ್ತಿದ್ದವರೂ ಇದ್ದರು. ನೆಲದ ಟಿಕೆಟ್ಟಿನ ಹೆಂಗಸರು, ಮಕ್ಕಳು. ಅವರಿಗೆ ಕೊಟ್ಟ ಕಾಸಿಗೆ ಪ್ರತಿ ಅಡಿಯೂ ಬೇಕು. ಹಿಮದ ಬೆಟ್ಟ, ಸಮುದ್ರ, ವಿಮಾನ ಕಂಡಾಗ ಬಾಲ್ಕನಿಗಿಂತ ನೆಲದಲ್ಲೇ ಹೆಚ್ಚು ಸದ್ದು. ಬ್ರಹ್ಮಪುತ್ರದ ನೆರೆ ತೋರಿಸಿದ ದಿನ ಒಬ್ಬ ಅಜ್ಜಿ ಆಟ ಮುಗಿದ ಮೇಲೆ ನನ್ನ ಕೋಣೆಯ ಮೆಟ್ಟಿಲ ಬಳಿ ನಿಂತು, ‘ಆ ದನಗಳು ಬದುಕಿದವೇನಪ್ಪಾ?’ ಎಂದು ಕೇಳಿದ್ದರು. ಆ ದಿನದ ದೊಡ್ಡ ಸಿನಿಮಾ ಯಾವುದೆಂದು ನನಗೇ ಮರೆತುಹೋಗಿದೆ.

ಗೋಡಂಬಿ:

ತಾತ, ಮೊಮ್ಮಗನಿಗೆ ಹೇಳಿ, ಇನ್ನೂ ಬರೆಯಲಿ.

ಕಹಿಬೇವು:

ಆಪರೇಟರ್ ಸರ್, ನಿಮ್ಮ ಮಾತಿಗೆ ಎದುರು ಹೇಳುವುದಿಲ್ಲ. ಕಡ್ಡಾಯ ಮಾಡಿ ತೋರಿಸುವುದು ಈಗಲೂ ನನಗೆ ಒಪ್ಪಿಗೆಯಿಲ್ಲ, ಅಷ್ಟೇ. 1999ರಲ್ಲಿ ಸುಪ್ರೀಂ ಕೋರ್ಟು ಅದು ಸಂವಿಧಾನಬದ್ಧ ಎಂದಾಗಲೂ ನನಗೆ ಬೇಸರವಾಗಿತ್ತು.

ಒಂದು ಅನುಮಾನ. ಮೀರ್ ಅವರಿಗೆ ಸರ್ಕಾರಿ ಕೆಲಸವೇ ಗತಿಯಾಗಿತ್ತೋ? 1946ರಿಂದ 1956ರವರೆಗೆ ಹತ್ತು ವರ್ಷ ಎಲ್ಲಿದ್ದರು?

ಹಳೆಯ ರೀಲು:

ಸ್ವಂತವಾಗಿ ಚಿತ್ರ ಮಾಡುತ್ತಿದ್ದರು. ಆ ಹತ್ತು ವರ್ಷದಲ್ಲಿ ಎದ್ದು ಕಾಣುವುದು ‘ಪಂಪೋಶ್’. ಕಾಶ್ಮೀರದಲ್ಲಿ ತೆಗೆದ ಬಣ್ಣದ ಚಿತ್ರ. ಹೆಸರಿನ ಅರ್ಥ ತಾವರೆ. 1954ರ ಕಾನ್ ಚಿತ್ರೋತ್ಸವಕ್ಕೆ ‘ದೋ ಬಿಘಾ ಜಮೀನ್’ ಹೋದ ವರ್ಷ ಅದೂ ಹೋಗಿತ್ತು. ಬಿಮಲ್ ರಾಯ್ ಅವರ ಚಿತ್ರ ನಮಗೆ ಬಾಯಿಪಾಠ, ಇದನ್ನು ಹುಡುಕಬೇಕು.

ನನಗೆ ಅನ್ನಿಸುವುದನ್ನು ಹೇಳಿಬಿಡುತ್ತೇನೆ. ಕಥಾಚಿತ್ರದಲ್ಲೇ ಉಳಿದಿದ್ದರೆ ಅವರು ‘ಜರೀನಾ’ದ ನಿರ್ದೇಶಕ ಎಂದು ಸಿನಿಮಾ ಇತಿಹಾಸದಲ್ಲಿ ಒಂದು ಸಾಲಾಗುತ್ತಿದ್ದರು. ‘ಪಂಪೋಶ್’ ದಾರಿಯಲ್ಲೇ ಮುಂದುವರಿದಿದ್ದರೆ ಕಲಾವಿದ ಎನಿಸಿಕೊಳ್ಳುತ್ತಿದ್ದರೋ ಏನೋ. ಆದರೆ ಮತ್ತೆ ಕಚೇರಿಗೆ ಹೋಗಿ ಕುಳಿತರು. ಕಡತ, ವೇಳಾಪಟ್ಟಿ, ಮಂತ್ರಾಲಯದ ಟಿಪ್ಪಣಿಗಳ ನಡುವೆ ಇತರರಿಗೆ ಫಿಲಂ, ಕ್ಯಾಮೆರಾ, ಸಂಬಳ ಒದಗಿಸುವ ಕೆಲಸ. ಅವರು ಹೋದ ಮೇಲೆ, 1960ರ ದಶಕದ ಕೊನೆಯಲ್ಲಿ, ಸುಖದೇವ್, ಎಸ್.ಎನ್.ಎಸ್. ಶಾಸ್ತ್ರಿ ಎಂಬ ನಿರ್ದೇಶಕರು ಸರ್ಕಾರದ ಹಣದಲ್ಲೇ ಸರ್ಕಾರಕ್ಕೆ ಚುಚ್ಚುವ ಚಿತ್ರ ಮಾಡಿದರು. ಅವರ ಹೆಸರು ಇಂದು ಚಿತ್ರೋತ್ಸವಗಳಲ್ಲಿ ಕೇಳುತ್ತದೆ. ಅವರು ಬಳಸಿದ ಸ್ಟುಡಿಯೋ ನಡೆಯುತ್ತಿದ್ದದ್ದು ಯಾರೋ ಅದನ್ನು ನಡೆಸಿಕೊಂಡು ಬಂದಿದ್ದರಿಂದ.

ಹೂಗ್ಲಿ ತೀರ:

ಸಾಕ್ಷ್ಯಚಿತ್ರ ನಿರ್ಮಾಪಕರ ಸಂಘವಾದ ಐಡಿಪಿಎ ಕೊಡುವ ಪ್ರಶಸ್ತಿಯೊಂದಕ್ಕೆ ಎಜ್ರಾ ಮೀರ್ ಹೆಸರಿದೆ. ಪೂರ್ತಿ ಮರೆತಿಲ್ಲ, ವೃತ್ತಿಯವರು.

ತಿಪಟೂರು ಟೆಂಟು:

ಅವರು ಇದ್ದ ಕಚೇರಿ ಈಗ ಏನಾಗಿದೆ?

ಶಾಲ್ಮಲೆ:

ಮುಂಬೈಯ ಪೆಡ್ಡರ್ ರಸ್ತೆಯಲ್ಲಿ ಆವರಣ ಇದೆ. ಅಲ್ಲಿನ ಗುಲ್ಷನ್ ಮಹಲ್ ಎಂಬ ಹಳೆಯ ಬಂಗಲೆಯಲ್ಲೂ ಪಕ್ಕದ ಹೊಸ ಕಟ್ಟಡದಲ್ಲೂ 2019ರಿಂದ ಸಿನಿಮಾ ವಸ್ತುಸಂಗ್ರಹಾಲಯ ನಡೆಯುತ್ತಿದೆ. ಫಿಲಂಸ್ ಡಿವಿಷನ್ ಎಂಬ ಸಂಸ್ಥೆ ಮಾತ್ರ ಈಗಿಲ್ಲ, ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ (ಎನ್‌ಎಫ್‌ಡಿಸಿ) ವಿಲೀನವಾಯಿತು. ನಾನು ಅಲ್ಲಿಗೆ ಹೋಗಿದ್ದು ಮಳೆಗಾಲದ ಒಂದು ಮಂಗಳವಾರ. ಮಕ್ಕಳ ಗುಂಪೊಂದು ಹಳೆಯ ಕ್ಯಾಮೆರಾದ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಸಿಕೊಳ್ಳುತ್ತಿತ್ತು.

ಹಳೆಯ ರೀಲು:

ಆಪರೇಟರ್ ಸರ್, ಒಂದು ಕೇಳಬೇಕಿತ್ತು. ಹೆಸರಿನ ಭಾಗ ಸವೆದು ಕತ್ತರಿಸುತ್ತಿದ್ದೆವು ಎಂದಿರಲ್ಲ, ಆ ತುಂಡುಗಳನ್ನು ಏನು ಮಾಡುತ್ತಿದ್ದಿರಿ?

ನಿವೃತ್ತ ಆಪರೇಟರ್:

ಮಕ್ಕಳಿಗೆ ಕೊಡುತ್ತಿದ್ದೆ ಸ್ವಾಮಿ. ಕೋಣೆಯ ಕೆಳಗೆ ಕಾದು ನಿಂತಿರುತ್ತಿದ್ದವು. ಬಿಸಿಲಿಗೆ ಹಿಡಿದು ನೋಡುವುದು, ಕನ್ನಡಿಯಿಂದ ಬೆಳಕು ಬಿಟ್ಟು ಪಂಚೆಯ ಮೇಲೆ ಮೂಡಿಸುವುದು. ರಾಜಕುಮಾರ್ ಮುಖ ಇರುವ ತುಂಡಿಗೆ ಎರಡು ಗೋಲಿ ಬೆಲೆ. ಬರೀ ಅಕ್ಷರ ಇರುವ ತುಂಡಿಗೆ ಏನೂ ಇಲ್ಲ, ಹಾಗೆಯೇ ಕೊಟ್ಟುಬಿಡುತ್ತಿದ್ದವು.